ಮನೆಯಲ್ಲೇ ಪಿಸಿಬಿ ಮಾಡುವುದು, ಅದರ ಫೋಟೊ ತೆಗೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ಪಿಸಿಬಿ ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಎಲೆಕ್ಟ್ರಾನಿಕ್ ಭಾಗಗಳನ್ನು ತಂತಿಯ ಬದಲು ತಾಮ್ರದ ಗೆರೆಗಳಿಂದ ಜೋಡಿಸುವ ಹಲಗೆ. ಮನೆಯಲ್ಲಿ ಮಾಡಿದ ಪಿಸಿಬಿ ಕೆಲಸ ಮಾಡದಿದ್ದರೆ ತಪ್ಪು ಹೆಚ್ಚಾಗಿ ಸರ್ಕ್ಯೂಟಿನಲ್ಲಿ ಇರುವುದಿಲ್ಲ. ತಾಮ್ರದ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಎರಡು ಗೆರೆಗಳ ನಡುವೆ ತಾಮ್ರದ ಚೂರೊಂದು ಉಳಿದಿರುತ್ತದೆ. ಇಲ್ಲವೇ ಬೆಸುಗೆ ಸರಿಯಾಗಿ ಹಿಡಿದಿರುವುದಿಲ್ಲ. ಬರಿಗಣ್ಣಿಗೆ ಇವು ಕಾಣುವುದು ಕಷ್ಟ. ಒಳ್ಳೆಯ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಥಟ್ಟನೆ ಕಾಣುತ್ತವೆ.

ಹಾಗಾಗಿ ಈ ಲೇಖನದಲ್ಲಿ ಫೋಟೊ ತೆಗೆಯುವುದನ್ನು ಕೊನೆಗೆ ಇಟ್ಟಿಲ್ಲ. ಎಲ್ಲ ಮುಗಿದ ಮೇಲೆ ನಾಲ್ಕು ಜನಕ್ಕೆ ತೋರಿಸಲು ಒಂದು ಚಂದದ ಫೋಟೊ ಬೇಕು, ನಿಜ. ಅದಕ್ಕಿಂತ ಮುಖ್ಯವಾಗಿ ಕ್ಯಾಮೆರಾ ನಿಮ್ಮ ಮೇಜಿನ ಮೇಲೆ ಮಲ್ಟಿಮೀಟರಿನ ಪಕ್ಕದಲ್ಲೇ ಇರಬೇಕಾದ ಸಾಧನ.

ಪಿಸಿಬಿಯನ್ನು ಫ್ಯಾಕ್ಟರಿಗೆ ಕಳಿಸಿ ಮಾಡಿಸುವುದು ಈಗ ಅಗ್ಗ, ಗುಣಮಟ್ಟವೂ ಚೆನ್ನಾಗಿರುತ್ತದೆ. ಎರಡೂ ಬದಿ ತಾಮ್ರ ಬೇಕಿದ್ದರೆ, ಗೆರೆಗಳು ತೀರಾ ಸಣ್ಣದಾಗಿದ್ದರೆ ಅದೇ ದಾರಿ. ಆದರೆ ಬೆಳಿಗ್ಗೆ ಹೊಳೆದದ್ದನ್ನು ಸಂಜೆಗೆ ಕೈಯಲ್ಲಿ ಹಿಡಿಯಬೇಕು ಅಂದರೆ ಮನೆಯಲ್ಲೇ ಮಾಡಬೇಕು. ಒಂದು ಬದಿಯ ಸಣ್ಣ ಬೋರ್ಡಿಗೆ ಇದು ಸಾಕು.

ಮೊದಲ ಬೋರ್ಡ್ ಯಾವುದಿರಲಿ?

555 ಟೈಮರ್ ಐಸಿ ಬಳಸಿ ಎರಡು ಎಲ್‌ಇಡಿಗಳು ಒಂದಾದ ಮೇಲೊಂದು ಮಿನುಗುವ ಬೋರ್ಡ್ ಮಾಡೋಣ. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ ಐಸಿ ಇದು. ಇವತ್ತಿಗೂ ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಸಿಗುತ್ತದೆ. ಸುಟ್ಟು ಹೋದರೂ ಬೇಜಾರಾಗುವಷ್ಟು ಬೆಲೆ ಇಲ್ಲ.

ಬೇಕಾದ ಭಾಗಗಳು ಇಷ್ಟು: ಎಂಟು ಕಾಲಿನ 555 ಐಸಿ ಮತ್ತು ಅದಕ್ಕೊಂದು ಸಾಕೆಟ್, 10 ಕಿಲೋ ಓಮ್ ಮತ್ತು 68 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್, 470 ಓಮ್‌ನ ಎರಡು, 10 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, 10 ನ್ಯಾನೋಫ್ಯಾರಡ್‌ನ ಒಂದು ಸೆರಾಮಿಕ್ ಕೆಪಾಸಿಟರ್, ಎರಡು ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್.

ಜೋಡಣೆ ಹೀಗೆ. 1ನೇ ಕಾಲು ಬ್ಯಾಟರಿಯ ಮೈನಸ್‌ಗೆ. 8 ಮತ್ತು 4 ಪ್ಲಸ್‌ಗೆ. ಪ್ಲಸ್‌ನಿಂದ 7ಕ್ಕೆ 10 ಕಿಲೋ ಓಮ್, 7ರಿಂದ 6ಕ್ಕೆ 68 ಕಿಲೋ ಓಮ್. 6 ಮತ್ತು 2 ಒಂದಕ್ಕೊಂದು ಸೇರಬೇಕು. ಅಲ್ಲಿಂದ ಮೈನಸ್‌ಗೆ 10 ಮೈಕ್ರೋಫ್ಯಾರಡ್. 5ರಿಂದ ಮೈನಸ್‌ಗೆ 10 ನ್ಯಾನೋಫ್ಯಾರಡ್. 3ನೇ ಕಾಲು ಔಟ್‌ಪುಟ್. ಒಂದು ಎಲ್‌ಇಡಿ ಪ್ಲಸ್ ಮತ್ತು 3ರ ನಡುವೆ, ಇನ್ನೊಂದು 3 ಮತ್ತು ಮೈನಸ್ ನಡುವೆ. ಎರಡಕ್ಕೂ ಒಂದೊಂದು 470 ಓಮ್ ಸೇರಿಸಿ. ಈ ಮೌಲ್ಯಗಳಿಗೆ ಸುಮಾರು ಸೆಕೆಂಡಿಗೆ ಒಂದು ಸಲ ಮಿನುಗುತ್ತದೆ. ಮೊದಲು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಮೇಲೆ ಜೋಡಿಸಿ ನೋಡಿ. ಆಮೇಲೆ ಬೋರ್ಡ್ ಮಿನುಗದಿದ್ದರೆ ತಪ್ಪು ತಾಮ್ರದಲ್ಲೋ ಬೆಸುಗೆಯಲ್ಲೋ ಇದೆ ಅಂತ ಖಾತ್ರಿಯಾಗಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮನೆಯ 230 ವೋಲ್ಟ್ ಕರೆಂಟ್ ಹರಿಯುವ ಬೋರ್ಡನ್ನು ಕಲಿಯುವ ಹಂತದಲ್ಲಿ ಮುಟ್ಟಲೇಬೇಡಿ. ಬ್ಯಾಟರಿಯೇ ಸಾಕು.

ಸಾಮಾನು ತರುವಾಗ

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಬೇರೆ ಊರಿನವರು ರೇಡಿಯೊ, ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ತಾಮ್ರದ ಹಾಳೆ ಅಂಟಿಸಿದ ಬೋರ್ಡಿಗೆ ಅಂಗಡಿಯಲ್ಲಿ ಕಾಪರ್ ಕ್ಲಾಡ್ ಅನ್ನುತ್ತಾರೆ. ಎರಡು ಬಗೆ ಸಿಗುತ್ತವೆ. ಕಂದು ಬಣ್ಣದ್ದು ಕಾಗದ ಮತ್ತು ಫಿನಾಲಿಕ್ ರಾಳದಿಂದ ಮಾಡಿದ್ದು. ಕತ್ತರಿಸಲು, ತೂತು ಕೊರೆಯಲು ಸುಲಭ, ಆದರೆ ಜಾಸ್ತಿ ಬಿಸಿ ಕೊಟ್ಟರೆ ತಾಮ್ರ ಎದ್ದು ಬರುತ್ತದೆ. ತಿಳಿ ಹಸಿರು-ಹಳದಿ ಬಣ್ಣದ್ದು ಗಾಜಿನ ನಾರಿನದು, ಎಫ್‌ಆರ್-4 ಅಂತ ಅದರ ಹೆಸರು. ನಾನು ಎಫ್‌ಆರ್-4 ತೆಗೆದುಕೊಳ್ಳಿ ಅನ್ನುತ್ತೇನೆ. ಗಟ್ಟಿ ಅನ್ನುವುದು ಒಂದು ಕಾರಣ. ಅದರ ಮೂಲಕ ಬೆಳಕು ಹಾಯುತ್ತದೆ ಅನ್ನುವುದು ಇನ್ನೊಂದು. ಈ ಎರಡನೆಯದು ಫೋಟೊಗೆ ತುಂಬಾ ಉಪಕಾರಿ. ದಪ್ಪ 1.6 ಮಿ.ಮೀ., ತಾಮ್ರದ ದಪ್ಪ 35 ಮೈಕ್ರಾನ್ ಇರುವುದೇ ಸಾಮಾನ್ಯ. ಒಂದೇ ಬದಿ ತಾಮ್ರ ಇರುವುದನ್ನು ಕೇಳಿ ಪಡೆಯಿರಿ.

ಜೊತೆಗೆ ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್, 0.8 ಮತ್ತು 1 ಮಿ.ಮೀ. ಡ್ರಿಲ್ ಬಿಟ್‌ಗಳು, ಸಣ್ಣ ಕೈ ಡ್ರಿಲ್, ಸೋಲ್ಡರಿಂಗ್ ಐರನ್, 0.8 ಮಿ.ಮೀ. ಸೋಲ್ಡರ್ ತಂತಿ, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್, ಐಸೊಪ್ರೊಪೈಲ್ ಆಲ್ಕೋಹಾಲ್, ಪರ್ಮನೆಂಟ್ ಮಾರ್ಕರ್ ಬೇಕು. ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್ ಇಲ್ಲದೆ ಶುರು ಮಾಡಬೇಡಿ.

ಚಿತ್ರ ಬರೆಯುವುದು

ಕಿಕ್ಯಾಡ್ ಪಿಸಿಬಿಯ ಚಿತ್ರ ಬರೆಯುವ ಉಚಿತ ತಂತ್ರಾಂಶ. ಫ್ರಾನ್ಸಿನ ಜೀನ್-ಪಿಯೆರ್ ಶಾರಾಸ್ 1992ರಲ್ಲಿ ಶುರು ಮಾಡಿದ್ದು. ಹಿಗ್ಸ್ ಬೋಸಾನ್ ಹುಡುಕಿದ ಸರ್ನ್ ಪ್ರಯೋಗಾಲಯದವರೂ ಇದನ್ನು ಬೆಳೆಸಲು ಕೈಜೋಡಿಸಿದ್ದಾರೆ. ಅದರಲ್ಲಿ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಬರೆದು, ಭಾಗಗಳನ್ನು ಬೋರ್ಡ್ ಮೇಲೆ ಜೋಡಿಸಿ, ಗೆರೆ ಎಳೆಯುವ ಬಗೆ ಕಲಿಸುವ ವಿಡಿಯೊಗಳು ಬೇಕಾದಷ್ಟು ಇವೆ. ಇಲ್ಲಿ ಹೇಳಬೇಕಾದದ್ದು ಮನೆಯಲ್ಲಿ ಮಾಡುವ ಬೋರ್ಡಿಗೆ ಬೇಕಾದ ಅಳತೆಗಳನ್ನು ಮಾತ್ರ.

ಗೆರೆಯ ಅಗಲ 1 ಮಿ.ಮೀ. ಇಡಿ. ಗೆರೆಗಳ ನಡುವೆ ಕನಿಷ್ಠ 0.6 ಮಿ.ಮೀ. ಜಾಗ ಬಿಡಿ. ಕೈ ಪಳಗಿದ ಮೇಲೆ 0.4 ಮಿ.ಮೀ.ವರೆಗೆ ಇಳಿಸಬಹುದು, ಈಗ ಬೇಡ. ಐಸಿ ಕಾಲುಗಳ ನಡುವಿನ ದೂರ 2.54 ಮಿ.ಮೀ. ಇರುತ್ತದೆ. ಅವುಗಳ ಪ್ಯಾಡನ್ನು (ಕಾಲು ಬೆಸೆಯುವ ತಾಮ್ರದ ಜಾಗವನ್ನು) 1.6 ಮಿ.ಮೀ. ಅಗಲ ಮಾಡಿ, ಉದ್ದ ಸ್ವಲ್ಪ ಜಾಸ್ತಿ ಕೊಡಿ. ಕಾಲುಗಳ ನಡುವೆ ಗೆರೆ ನುಸುಳಿಸಬೇಡಿ. ಗೆರೆಗೆ ದಾರಿಯೇ ಸಿಗದಿದ್ದರೆ ಮೇಲ್ಬದಿಯಲ್ಲಿ ಒಂದು ತುಂಡು ತಂತಿ ಜಂಪರ್ ಆಗಿ ಹಾಕಿ. ಅದಕ್ಕೇನೂ ಮರ್ಯಾದೆ ಹೋಗುವುದಿಲ್ಲ, ಹಳೆಯ ರೇಡಿಯೊಗಳಲ್ಲೆಲ್ಲ ಜಂಪರ್‌ಗಳೇ.

ಖಾಲಿ ಜಾಗವನ್ನು ಮೈನಸ್‌ಗೆ ಸೇರಿದ ತಾಮ್ರದಿಂದ ತುಂಬಬಹುದು. ಕರಗಬೇಕಾದ ತಾಮ್ರ ಕಡಿಮೆಯಾಗುತ್ತದೆ. ಆದರೆ ಲೇಸರ್ ಪ್ರಿಂಟರ್ ದೊಡ್ಡ ಕಪ್ಪು ಜಾಗವನ್ನು ಮಧ್ಯದಲ್ಲಿ ಪೇಲವವಾಗಿ ಮುದ್ರಿಸುವುದುಂಟು. ಅಲ್ಲಿ ತಾಮ್ರ ಚುಕ್ಕೆ ಚುಕ್ಕೆಯಾಗಿ ತಿಂದುಹೋಗುತ್ತದೆ. ಕೆಲಸಕ್ಕೆ ತೊಂದರೆ ಇಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ.

ಬೋರ್ಡಿನ ಮೇಲೆ ನಿಮ್ಮ ಹೆಸರು ಕನ್ನಡದಲ್ಲೇ ಬರಲಿ ಅಂತ ಆಸೆಯೇ? ಹೆಸರನ್ನು ದಪ್ಪ ಫಾಂಟಿನಲ್ಲಿ ಬರೆದು ಚಿತ್ರವಾಗಿ ಉಳಿಸಿ. ಕಿಕ್ಯಾಡ್‌ನ ಇಮೇಜ್ ಕನ್ವರ್ಟರ್ ಮೂಲಕ ಅದನ್ನು ತಾಮ್ರದ ಪದರಕ್ಕೆ ಸೇರಿಸಿ. ಅಕ್ಷರದ ಎತ್ತರ 5 ಮಿ.ಮೀ.ಗಿಂತ ಕಡಿಮೆ ಆದರೆ ಒತ್ತಕ್ಷರಗಳು ಕಲಸಿ ಹೋಗುತ್ತವೆ.

ಪ್ರಿಂಟ್

ಇಲ್ಲಿ ಬಳಸುವುದು ಟೋನರ್ ಟ್ರಾನ್ಸ್‌ಫರ್ ವಿಧಾನ. ಲೇಸರ್ ಪ್ರಿಂಟರಿನ ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ. ಬಿಸಿ ಮಾಡಿದರೆ ಕರಗಿ ತಾಮ್ರಕ್ಕೆ ಅಂಟುತ್ತದೆ, ಫೆರಿಕ್ ಕ್ಲೋರೈಡ್ ಅದರ ಕೆಳಗಿನ ತಾಮ್ರವನ್ನು ಮುಟ್ಟುವುದಿಲ್ಲ. ಇಂಕ್‌ಜೆಟ್ ಪ್ರಿಂಟರ್ ಈ ಕೆಲಸಕ್ಕೆ ಬಾರದು.

ಮನೆಯಲ್ಲಿ ಲೇಸರ್ ಪ್ರಿಂಟರ್ ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಗೆ ಹೋಗಿ. ಪಿಡಿಎಫ್ ಕೊಟ್ಟು ನಾಲ್ಕು ಮಾತು ಹೇಳಿ: ಅಳತೆ ಸರಿಯಾಗಿ 100% ಇರಲಿ, ಪುಟಕ್ಕೆ ಹೊಂದಿಸುವುದು ಬೇಡ, ಟೋನರ್ ಉಳಿಸುವ ಸೆಟ್ಟಿಂಗ್ ಬೇಡ, ಕಪ್ಪು ಎಷ್ಟು ಗಾಢ ಬರುತ್ತದೋ ಅಷ್ಟು ಬರಲಿ. ಕಾಗದ ನೀವೇ ಒಯ್ಯಿರಿ. ನುಣುಪಾದ ಆರ್ಟ್ ಪೇಪರ್ ಅಥವಾ ಇದಕ್ಕೆಂದೇ ಸಿಗುವ ಹಳದಿ ಟ್ರಾನ್ಸ್‌ಫರ್ ಪೇಪರ್ ಆಗುತ್ತದೆ. ಇಂಕ್‌ಜೆಟ್‌ನ ಫೋಟೊ ಪೇಪರನ್ನು ಮಾತ್ರ ಕೊಡಬೇಡಿ. ಅದರ ಲೇಪ ಪ್ರಿಂಟರ್ ಒಳಗಿನ ಬಿಸಿ ರೋಲರಿಗೆ ಅಂಟಿಕೊಂಡರೆ ಅಂಗಡಿಯವರು ನಿಮ್ಮನ್ನು ಮತ್ತೆ ಒಳಗೆ ಬಿಡುವುದಿಲ್ಲ.

ತಿರುಗು ಮುರುಗಿನ ಗೊಂದಲ ಇಲ್ಲೇ ಶುರುವಾಗುವುದು. ಕಿಕ್ಯಾಡ್ ಕೆಳಗಿನ ತಾಮ್ರದ ಪದರವನ್ನು ಮೇಲಿಂದ ನೋಡಿದಂತೆ ತೋರಿಸುತ್ತದೆ. ಹಾಗಾಗಿ ಆ ಪದರವನ್ನು ಮಿರರ್ ಮಾಡದೆ ಪ್ರಿಂಟ್ ಮಾಡಬೇಕು. ಇಸ್ತ್ರಿ ಮಾಡುವಾಗ ಅದು ತಾನಾಗಿಯೇ ತಿರುಗುತ್ತದೆ. ನೆನಪಿಡುವುದು ಸುಲಭ: ಕೆಳಗಿನ ಪದರದಲ್ಲಿ ಬರೆದ ಅಕ್ಷರ ಕಾಗದದ ಮೇಲೆ ಉಲ್ಟಾ ಕಾಣಬೇಕು, ತಾಮ್ರದ ಮೇಲೆ ನೆಟ್ಟಗೆ ಕಾಣಬೇಕು. ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಡ್ರಿಲ್ ಗುರುತನ್ನು ಸಣ್ಣದು ಅಂತ ಆರಿಸಿ. ಪ್ರತಿ ಪ್ಯಾಡಿನ ನಡುವೆ ಸಣ್ಣ ಗುಳಿ ಬಿದ್ದು, ಡ್ರಿಲ್ ಬಿಟ್ ಜಾರದೆ ಅಲ್ಲೇ ಕೂರುತ್ತದೆ.

ಅಂಗಡಿಯಿಂದ ಹೊರಡುವ ಮೊದಲು ಐಸಿ ಸಾಕೆಟನ್ನು ಪ್ರಿಂಟಿನ ಮೇಲೆ ಇಟ್ಟು ನೋಡಿ. ಕಾಲುಗಳು ಪ್ಯಾಡಿನ ಮೇಲೆ ಕೂತರೆ ಅಳತೆ ಸರಿ ಇದೆ. ಟೋನರ್ ಮೇಲೆ ಬೆರಳು ತಾಗಿಸಬೇಡಿ.

ತಾಮ್ರ ಉಜ್ಜುವುದು, ಇಸ್ತ್ರಿ ಹಾಕುವುದು

ಬೋರ್ಡನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕತ್ತರಿಸಿ. 50 × 35 ಮಿ.ಮೀ. ಇದ್ದರೆ ಈ ಸರ್ಕ್ಯೂಟಿಗೆ ಸಾಕು. ಗಾಜಿನ ನಾರಿನ ಧೂಳು ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಅಂಚನ್ನು ನೀರು ಹಚ್ಚಿ ಉಜ್ಜಿ. ಅಂಚಿನಲ್ಲಿ ತಾಮ್ರ ಏಳದಂತೆ ಸಪಾಟು ಮಾಡಿ, ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆ ಸಮನಾಗಿ ಕೂರುವುದಿಲ್ಲ.

ತಾಮ್ರವನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮತ್ತು ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ನೀರು ಮಣಿಮಣಿಯಾಗಿ ನಿಲ್ಲದೆ ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ. ಒರೆಸಿ, ಕೊನೆಗೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಆಮೇಲೆ ಅಂಚನ್ನು ಮಾತ್ರ ಹಿಡಿಯಿರಿ. ಟೋನರ್ ಅಂಟದೆ ಹೋಗುವುದಕ್ಕೆ ಬೆರಳಿನ ಜಿಡ್ಡೇ ಮುಖ್ಯ ಕಾರಣ.

ಇಸ್ತ್ರಿ ಪೆಟ್ಟಿಗೆಯಲ್ಲಿ ಹಬೆ ಇರಬಾರದು. ಹತ್ತಿ ಬಟ್ಟೆಗೆ ಇಡುವ ಬಿಸಿ ಇಡಿ. ಮರದ ಹಲಗೆಯ ಮೇಲೆ ಬೋರ್ಡ್, ಅದರ ಮೇಲೆ ಮುದ್ರಿತ ಬದಿ ಕೆಳಗಾಗಿ ಕಾಗದ. ಮೊದಲ ಅರ್ಧ ನಿಮಿಷ ಅಲುಗಿಸದೆ ಒತ್ತಿ ಹಿಡಿಯಿರಿ. ಕಾಗದ ಅಂಟಿದ ಮೇಲೆ ಪೆಟ್ಟಿಗೆಯ ಮೂತಿಯಿಂದ ಮೂಲೆಗಳು, ಅಂಚುಗಳನ್ನೆಲ್ಲ ಒತ್ತಿ. ಒಟ್ಟು ಮೂರರಿಂದ ಐದು ನಿಮಿಷ. ತೀರಾ ಜೋರಾಗಿ ಒತ್ತಿದರೆ ಟೋನರ್ ಹರಡಿ ಗೆರೆಗಳು ಒಂದಕ್ಕೊಂದು ಕೂಡುತ್ತವೆ.

ಸ್ವಲ್ಪ ಆರಲು ಬಿಟ್ಟು ನೀರಿನಲ್ಲಿ ಮುಳುಗಿಸಿ. ಹದಿನೈದು ನಿಮಿಷದಲ್ಲಿ ಆರ್ಟ್ ಪೇಪರ್ ಮೆತ್ತಗಾಗುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ತೆಗೆಯಿರಿ, ಎಳೆಯಬೇಡಿ. ಗೆರೆಗಳ ಸಂದಿಯಲ್ಲಿ ಉಳಿದ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಹಳದಿ ಪೇಪರಿಗೆ ನೆನೆಸುವ ಕೆಲಸವಿಲ್ಲ, ತಣ್ಣಗಾದ ಮೇಲೆ ಸುಮ್ನೆ ಎತ್ತಿದರೆ ಬರುತ್ತದೆ.

ಮೊದಲ ಫೋಟೊ ಈಗಲೇ

ಬೋರ್ಡ್ ಒಣಗಿದ ಕೂಡಲೇ ಒಂದು ಫೋಟೊ ತೆಗೆಯಿರಿ. ಮುಂದಿನ ಎಲ್ಲ ಹಂತಗಳಲ್ಲಿ ತಪ್ಪು ತಿದ್ದುವುದು ಕಷ್ಟ, ಇಲ್ಲಿ ಮಾರ್ಕರ್ ಇದ್ದರೆ ಸಾಕು. ಕಿಟಕಿಯ ಬೆಳಕಿನಲ್ಲಿ, ಬೋರ್ಡಿಗೆ ನೇರ ಬಿಸಿಲು ಬೀಳದ ಜಾಗದಲ್ಲಿ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ, ಒಂದು ಮೂಲೆಯಿಂದ ಶುರು ಮಾಡಿ ಗೆರೆ ಹಿಡಿದು ನೋಡುತ್ತಾ ಹೋಗಿ.

ಟೋನರ್ ಕಿತ್ತುಹೋದ ಕಡೆ ಮಾರ್ಕರಿನಿಂದ ತುಂಬಿ. ಎರಡು ಗೆರೆ ಕೂಡಿದ್ದರೆ ಸೂಜಿ ಮೊನೆಯಿಂದ ಕೆರೆಯಿರಿ. ಸಂದಿಯಲ್ಲಿ ಬಿಳಿ ಪೊರೆ ಕಂಡರೆ ಅದು ಕಾಗದದ ನಾರು. ಅದರ ಕೆಳಗೆ ತಾಮ್ರ ಕರಗುವುದಿಲ್ಲ, ಶಾರ್ಟ್ ಆಗುತ್ತದೆ. ನಾಲ್ಕೈದು ಕಡೆಗಿಂತ ಜಾಸ್ತಿ ಹಾಳಾಗಿದ್ದರೆ ತೇಪೆ ಹಾಕಬೇಡಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರಿನಿಂದ ಒರೆಸಿ ಹೊಸದಾಗಿ ಶುರು ಮಾಡಿ. ಹಾಳಾಗಿದ್ದು ಒಂದು ಹಾಳೆ ಕಾಗದ ಮಾತ್ರ, ಅಲ್ವಾ?

ತಾಮ್ರ ಕರಗಿಸುವುದು

ಫೆರಿಕ್ ಕ್ಲೋರೈಡ್ ತಾಮ್ರದ ಜೊತೆ ಸೇರಿ ಫೆರಸ್ ಕ್ಲೋರೈಡ್, ಕಾಪರ್ ಕ್ಲೋರೈಡ್ ಆಗುತ್ತದೆ. ಗೆರೆ ಇಲ್ಲದ ಕಡೆಯ ತಾಮ್ರ ಹೀಗೆ ನೀರಿಗೆ ಇಳಿಯುತ್ತದೆ. ಗಾಳಿ ಆಡುವ ಜಾಗದಲ್ಲಿ, ಮಕ್ಕಳಿಗೆ ಸಿಗದ ಕಡೆ ಈ ಕೆಲಸ ಮಾಡಿ. ಕೈಗವಸು, ಕನ್ನಡಕ ಹಾಕಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ. ಸ್ಟೀಲ್ ಸಿಂಕನ್ನೂ ಇದು ತಿನ್ನುತ್ತದೆ, ಹಾಗಾಗಿ ಅಡುಗೆಮನೆ ಬೇಡ. ಒಮ್ಮೆ ಇದಕ್ಕೆ ಬಳಸಿದ ಡಬ್ಬಿಯನ್ನು ಮತ್ತೆ ಊಟಕ್ಕೆ ಬಳಸಬಾರದು.

ಉಂಡೆಯ ರೂಪದ್ದು ತಂದಿದ್ದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಹಾಕಿ, ಅದಕ್ಕೆ ಸ್ವಲ್ಪ ಸ್ವಲ್ಪವೇ ಉಂಡೆ ಸೇರಿಸಿ. ಕರಗುವಾಗ ಬಿಸಿಯಾಗುತ್ತದೆ. ಉಂಡೆಯ ಮೇಲೆ ನೀರು ಸುರಿಯಬೇಡಿ. 100 ಗ್ರಾಂಗೆ 200ರಿಂದ 250 ಮಿ.ಲೀ. ನೀರು ಸರಿಹೋಗುತ್ತದೆ. ಈ ಡಬ್ಬಿಯನ್ನು ಬಿಸಿನೀರಿನ ದೊಡ್ಡ ಟಬ್ಬಿನಲ್ಲಿ ಕೂರಿಸಿ. ದ್ರಾವಣ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಲಸ ಬೇಗ ಆಗುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡಿ.

ಬೋರ್ಡನ್ನು ಒಳಗೆ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ತಾಮ್ರದ ಹೊಳಪು ಹೋಗಿ ಮಾಸಲು ಗುಲಾಬಿ ಬಣ್ಣ ಬರಬೇಕು. ಎಲ್ಲಾದರೂ ಹೊಳೆಯುತ್ತಲೇ ಇದ್ದರೆ ಅಲ್ಲಿ ಜಿಡ್ಡೋ ನಾರೋ ಇದೆ, ತೆಗೆದು ತೊಳೆದು ಸರಿ ಮಾಡಿ. ಡಬ್ಬಿಯನ್ನು ಮೆಲ್ಲಗೆ ಅಲುಗಿಸುತ್ತಲೇ ಇರಿ. ತಾಮ್ರ ಅಂಚಿನಿಂದ ಒಳಕ್ಕೆ ಕರಗುತ್ತಾ ಬರುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ನನಗೆ ಇಷ್ಟವಾದ ವಿಧಾನ ಸ್ಪಂಜಿನದು. ಸ್ಪಂಜಿಗೆ ಸ್ವಲ್ಪ ದ್ರಾವಣ ಹಾಕಿಕೊಂಡು ಬೋರ್ಡಿನ ಮೇಲೆ ಹಗುರವಾಗಿ ಸವರುತ್ತಾ ಇರುವುದು. ಡಬ್ಬಿ ತುಂಬಾ ದ್ರಾವಣ ಬೇಡ, ತಾಮ್ರವೂ ಬೇಗ ಹೋಗುತ್ತದೆ. ಕೈಗವಸು ತೂತಾಗಿಲ್ಲ ಅಂತ ಮೊದಲೇ ನೋಡಿಕೊಳ್ಳಿ.

ಮುಗಿದ ಕೂಡಲೇ ಹೊರತೆಗೆಯಿರಿ. ಇನ್ನಷ್ಟು ಬಿಟ್ಟರೆ ದ್ರಾವಣ ಟೋನರಿನ ಕೆಳಗೆ ಪಕ್ಕದಿಂದ ನುಗ್ಗಿ ಗೆರೆಯನ್ನು ಸಪೂರ ಮಾಡುತ್ತದೆ. ಹೊರತೆಗೆದ ಬೋರ್ಡನ್ನು ಒಂದು ಬಕೆಟ್ ನೀರಿನಲ್ಲಿ ಜಾಲಿಸಿ. ಟೋನರನ್ನು ಅಸಿಟೋನ್‌ನಿಂದ ಒರೆಸಿ.

ಬಳಸಿದ ದ್ರಾವಣವನ್ನು ಚೆಲ್ಲಬೇಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಟ್ಟರೆ ಇನ್ನೂ ಹಲವು ಬೋರ್ಡಿಗೆ ಬರುತ್ತದೆ. ಶಕ್ತಿ ಪೂರ್ತಿ ಕುಂದಿದ ಮೇಲೂ ಚರಂಡಿಗೆ, ತೋಟಕ್ಕೆ ಸುರಿಯುವಂತಿಲ್ಲ. ಅದರಲ್ಲಿ ಕರಗಿದ ತಾಮ್ರ ಇದೆ, ಮೀನಿಗೂ ಮಣ್ಣಿನ ಜೀವಿಗಳಿಗೂ ಅದು ವಿಷ. ದೊಡ್ಡ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ನೊರೆ ಬರುವುದು ಪೂರ್ತಿ ನಿಂತ ಮೇಲೆ ಎರಡು ದಿನ ಹಾಗೇ ಬಿಡಿ. ಕೆಳಗೆ ಕೂತ ಬಗ್ಗಡವನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಟಾಯ್ಲೆಟ್ ತೊಳೆಯುವ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ತಾಮ್ರ ಕರಗಿಸುವ ವಿಡಿಯೊಗಳನ್ನೂ ನೀವು ನೋಡಿರಬಹುದು. ಬೇಗ ಆಗುತ್ತದೆ ನಿಜ, ಆದರೆ ಅದರ ಹೊಗೆ ಕೆಟ್ಟದ್ದು. ಮನೆಯೊಳಗೆ ಬೇಡವೇ ಬೇಡ.

ಬೆಳಕಿನ ಎದುರು ಹಿಡಿದ ಫೋಟೊ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಫೋಟೊ ಇದೇ. ಎಫ್‌ಆರ್-4 ಮೂಲಕ ಬೆಳಕು ಹಾಯುತ್ತದೆ, ತಾಮ್ರದ ಮೂಲಕ ಹಾಯುವುದಿಲ್ಲ. ಬೋರ್ಡಿನ ಹಿಂದೆ ಬೆಳಕಿಟ್ಟರೆ ಹಳದಿ ಹಿನ್ನೆಲೆಯಲ್ಲಿ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಬಿರುಕು ಬಿಟ್ಟಲ್ಲಿ ಬೆಳಕಿನ ಗೀಟು ಕಾಣುತ್ತದೆ. ತಾಮ್ರ ಉಳಿದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ.

ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಪರದೆಯಲ್ಲಿ ಪೂರ್ತಿ ಬಿಳಿ ಚಿತ್ರ ತೆರೆದು ಹೊಳಪು ಜಾಸ್ತಿ ಮಾಡಿ. ಬೋರ್ಡನ್ನು ನೇರ ಪರದೆಗೆ ತಾಗಿಸಿದರೆ ಪರದೆಯ ಚುಕ್ಕೆಗಳು ಫೋಟೊದಲ್ಲಿ ಬಲೆಯಂತೆ ಮೂಡುತ್ತವೆ, ಗಾಜಿಗೂ ಗೀರು ಬೀಳುತ್ತದೆ. ನಡುವೆ ಟ್ರೇಸಿಂಗ್ ಪೇಪರ್ ಇಟ್ಟು, ಬೋರ್ಡನ್ನು ಎರಡು ಮೂರು ಸೆಂ.ಮೀ. ಮೇಲಕ್ಕೆ ಎತ್ತಿ. ಕೋಣೆಯ ದೀಪ ಆರಿಸಿ.

ಈ ಫೋಟೊವನ್ನು ಕಿಕ್ಯಾಡ್ ಚಿತ್ರದ ಮೇಲೆ ಹೊದಿಸಿ ನೋಡಬಹುದು. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡನ್ನೂ ಎರಡು ಲೇಯರ್ ಆಗಿ ತೆರೆಯಿರಿ. ತಾಮ್ರದ ಬದಿಯಿಂದ ತೆಗೆದಿದ್ದರೆ ಫೋಟೊವನ್ನು ಎಡ-ಬಲ ತಿರುಗಿಸಿ. ಮೇಲಿನದರ ಅಪಾರದರ್ಶಕತೆ 50%ಗೆ ಇಳಿಸಿ, ಪರ್‌ಸ್ಪೆಕ್ಟಿವ್ ಟೂಲ್‌ನಿಂದ ನಾಲ್ಕು ಮೂಲೆಯ ಪ್ಯಾಡ್‌ಗಳನ್ನು ಕೂಡಿಸಿ. ಕಾಣೆಯಾದ ಗೆರೆ ತಾನಾಗಿ ಕಾಣುತ್ತದೆ. ಅನುಮಾನ ಬಂದ ಕಡೆ ಮಾತ್ರ ಮಲ್ಟಿಮೀಟರಿನ ಬೀಪ್ ಇಟ್ಟು ನೋಡಿ. ಶಾರ್ಟ್ ಇದ್ದರೆ ಬ್ಲೇಡಿನಿಂದ ಕೆರೆದು ಬಿಡಿಸಿ, ಬಿರುಕಿದ್ದರೆ ಮೇಲೆ ಸೋಲ್ಡರ್ ಹರಿಸಿ.

ತೂತು, ಬೆಸುಗೆ

ರೆಸಿಸ್ಟರ್, ಐಸಿ, ಎಲ್‌ಇಡಿಗಳಿಗೆ 0.8 ಮಿ.ಮೀ., ಬ್ಯಾಟರಿ ತಂತಿಗೆ 1 ಮಿ.ಮೀ. ಬಿಟ್. ಡ್ರಿಲ್ ನೆಟ್ಟಗೆ ಹಿಡಿಯಿರಿ, ವಾಲಿಸಿದರೆ ಬಿಟ್ ಮುರಿಯುತ್ತದೆ. ಕೆಳಗೆ ಬೇಡದ ಮರದ ತುಂಡು ಇರಲಿ.

ಹೊಳೆಯುವ ಬರಿ ತಾಮ್ರದ ಚಂದದ ಫೋಟೊ ಬೇಕಿದ್ದರೆ ತೂತು ಕೊರೆದ ದಿನವೇ ತೆಗೆಯಿರಿ. ಬೆರಳಚ್ಚು ಬಿದ್ದ ಕಡೆ ತಾಮ್ರ ಬೇಗ ಕಪ್ಪಾಗುತ್ತದೆ. ಆಮೇಲೆ ಬೆಸುಗೆಗೆ ಬಳಸುವ ರಾಳವನ್ನು (ರೋಸಿನ್) ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ ತೆಳುವಾಗಿ ಹಚ್ಚಿ. ತಾಮ್ರ ಹಾಳಾಗುವುದಿಲ್ಲ, ಬೆಸುಗೆಗೂ ಅದೇ ಫ್ಲಕ್ಸ್.

ಬೆಸುಗೆ ಹಾಕುವಾಗ ಕುಳ್ಳಗಿನ ಭಾಗ ಮೊದಲು: ಜಂಪರ್, ರೆಸಿಸ್ಟರ್, ಸಾಕೆಟ್, ಸೆರಾಮಿಕ್ ಕೆಪಾಸಿಟರ್, ಎಲ್‌ಇಡಿ, ಕೊನೆಗೆ ಎಲೆಕ್ಟ್ರೋಲಿಟಿಕ್. ಐರನ್ 350 ಡಿಗ್ರಿ ಸುತ್ತಮುತ್ತ ಇದ್ದರೆ ಸಾಕು. ಮೊನೆಯನ್ನು ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಿಸಿ, ಸೋಲ್ಡರನ್ನು ಅಲ್ಲಿಗೆ ಕೊಡಿ, ಮೊನೆಗೆ ಅಲ್ಲ. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಬೇಡ. ಉಳಿದ ಫ್ಲಕ್ಸನ್ನು ಆಲ್ಕೋಹಾಲ್ ಮತ್ತು ಬ್ರಷ್‌ನಿಂದ ತೆಗೆಯಿರಿ. ಫೋಟೊದಲ್ಲಿ ಅದು ಕಂದು ಕೊಳಕಾಗಿ ಕಾಣುತ್ತದೆ, ಕೆಳಗಿನ ದೋಷವನ್ನೂ ಮುಚ್ಚಿಡುತ್ತದೆ.

ಫೋಟೊದ ಕಷ್ಟ ಎಲ್ಲಿದೆ?

ತಾಮ್ರ, ಸೋಲ್ಡರ್ ಎರಡೂ ಕನ್ನಡಿಯ ಜಾತಿಯವು. ನೀವು ತಾಮ್ರದ ಫೋಟೊ ತೆಗೆಯುತ್ತಿದ್ದೀರಿ ಅಂದುಕೊಂಡಿರುತ್ತೀರಿ. ನಿಜವಾಗಿ ತೆಗೆಯುತ್ತಿರುವುದು ತಾಮ್ರದಲ್ಲಿ ಕಾಣುವ ಕೋಣೆಯ ಫೋಟೊ. ಮೇಲೆ ಟ್ಯೂಬ್‌ಲೈಟ್ ಇದ್ದರೆ ಬಿಳಿ ಪಟ್ಟಿ, ಕಪ್ಪು ಫೋನ್ ಇದ್ದರೆ ಕಪ್ಪು ಕಲೆ. ಇದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಹಾಗಾದರೆ ತಾಮ್ರಕ್ಕೆ ಏನು ಕಾಣಬೇಕು? ದೊಡ್ಡ ಬಿಳಿ ಮೇಲ್ಮೈ. ಒಂದು ಬಿಳಿ ಡ್ರಾಯಿಂಗ್ ಶೀಟಿನ ನಡುವೆ ಲೆನ್ಸ್ ಇಣುಕುವಷ್ಟು ತೂತು ಮಾಡಿ. ಅದನ್ನು ಬೋರ್ಡಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಪಕ್ಕದಿಂದ ದೀಪ ಆ ಶೀಟಿನ ಕೆಳಬದಿಗೆ ಬೀಳುವಂತೆ ಇಡಿ. ಶೀಟಿನಿಂದ ಮರಳಿದ ಮೆದು ಬೆಳಕಿನಲ್ಲಿ ತಾಮ್ರ ಒಂದೇ ಸಮ ಬಂಗಾರದ ಬಣ್ಣದಲ್ಲಿ ಕಾಣುತ್ತದೆ. ಶೀಟಿನ ತೂತೇ ಬೋರ್ಡಿನ ನಡುವೆ ಕಪ್ಪಾಗಿ ಕಂಡರೆ ಬೋರ್ಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಆಮೇಲೆ ಕ್ರಾಪ್ ಮಾಡಿ. ಫೋನಿನ ಫ್ಲಾಶ್ ಹಾಕಬೇಡಿ.

ತೋರಿಸಲು ಮೆದು ಬೆಳಕು ಬೇಕು. ದೋಷ ಹುಡುಕಲು ಬೇರೆಯದೇ ಬೇಕು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಹಾಯಿಸಿ. ಪ್ರತಿ ಬೆಸುಗೆಯ ಏರು ತಗ್ಗು, ಎರಡರ ನಡುವೆ ಹರಿದ ಸೋಲ್ಡರ್ ಎಳೆ, ನೆರಳಿನೊಂದಿಗೆ ಕಾಣುತ್ತವೆ. ಐಸಿಯ ಮೇಲಿನ ಮಾಸಿದ ಅಕ್ಷರ ಓದಲೂ ಇದೇ ಬೆಳಕು. ಆಗಲೂ ಕಾಣದಿದ್ದರೆ ಅದರ ಮೇಲೆ ಸೀಮೆಸುಣ್ಣ ಉಜ್ಜಿ ಒರೆಸಿ.

ದೀಪಕ್ಕೂ ಲೆನ್ಸಿಗೂ ಪೋಲರೈಸರ್ (ಪ್ರತಿಫಲನ ತಡೆಯುವ ಫಿಲ್ಟರ್) ಹಾಕಿ ಹೊಳಪು ತೆಗೆಯಿರಿ ಅಂತ ಕೆಲವರು ಹೇಳುತ್ತಾರೆ. ಫ್ಯಾಕ್ಟರಿಯ ಹಸಿರು ಬೋರ್ಡಿಗೆ, ಪ್ಲಾಸ್ಟಿಕ್ ಭಾಗಗಳಿಗೆ ಅದು ಒಳ್ಳೆಯ ಉಪಾಯ. ಬರಿ ತಾಮ್ರಕ್ಕೆ ಬೇಡ. ಲೋಹದ ಹೊಳಪು ಹೋದರೆ ಉಳಿಯುವುದು ಕಪ್ಪು ಮಾತ್ರ.

ಫೋನಿನಲ್ಲಿ

ಬೋರ್ಡಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗುವುದು ಎಲ್ಲರೂ ಮಾಡುವ ಕೆಲಸ. ಹತ್ತಿರ ಹೋದಷ್ಟೂ ಅಂಚುಗಳು ಬಾಗುತ್ತವೆ, ಕೆಪಾಸಿಟರ್ ಗೋಪುರದಂತೆ ವಾಲುತ್ತದೆ, ಫೋನಿನ ನೆರಳೂ ಬೀಳುತ್ತದೆ. 15ರಿಂದ 20 ಸೆಂ.ಮೀ. ದೂರ ನಿಲ್ಲಿ, 2 ಪಟ್ಟು ಜೂಮ್ ಮಾಡಿ, ಉಳಿದದ್ದನ್ನು ಕ್ರಾಪ್ ಮಾಡಿ. ಎರಡು ಸಮ ಎತ್ತರದ ಪುಸ್ತಕದ ರಾಶಿಗಳ ಮೇಲೆ ಗಾಜಿನ ತುಂಡು ಅಡ್ಡ ಇಟ್ಟು, ಅದರ ಅಂಚಿನಲ್ಲಿ ಲೆನ್ಸ್ ಹೊರಬರುವಂತೆ ಫೋನ್ ಮಲಗಿಸಿದರೆ ಸ್ಟ್ಯಾಂಡ್ ಸಿದ್ಧ. ಎರಡು ಸೆಕೆಂಡಿನ ಟೈಮರ್ ಇಡಿ.

ಕ್ಯಾಮೆರಾ ಬೋರ್ಡಿಗೆ ಸಮಾನಾಂತರವಾಗಿದೆಯೇ ಅಂತ ನೋಡಲು ಬೋರ್ಡಿನ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಪರದೆಯ ಸರಿ ನಡುವೆ ಲೆನ್ಸಿನ ಪ್ರತಿಬಿಂಬ ಕಂಡರೆ ಸರಿ ಇದೆ. ಸ್ಪಿರಿಟ್ ಲೆವೆಲ್ ಆ್ಯಪ್‌ಗಿಂತ ಇದೇ ನಂಬಿಕಸ್ಥ.

ಪರದೆಯನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ಹೊಳಪು ಸ್ವಲ್ಪ ತಗ್ಗಿಸಿ, ತಾಮ್ರದ ಬಿಳಿಚು ಹೋಗುತ್ತದೆ. ಬಣ್ಣದ್ದು ಇನ್ನೊಂದು ತಕರಾರು. ಚೌಕಟ್ಟಿನ ತುಂಬಾ ಕಿತ್ತಳೆ ಬಣ್ಣ ಕಂಡರೆ ಫೋನ್ ಅದನ್ನು ಸರಿಪಡಿಸಲು ಹೋಗಿ ಎಲ್ಲವನ್ನೂ ನೀಲಿಗೆ ತಿರುಗಿಸುತ್ತದೆ. ಪ್ರೊ ಮೋಡ್ ಇದ್ದರೆ ಬಿಳಿ ಕಾಗದ ನೋಡಿ ವೈಟ್ ಬ್ಯಾಲೆನ್ಸ್ ಗಟ್ಟಿ ಮಾಡಿ. ಇಲ್ಲದಿದ್ದರೆ ಬೋರ್ಡಿನ ಪಕ್ಕ ಬಿಳಿ ಕಾಗದದ ಚೂರು ಇಟ್ಟು ತೆಗೆದು, ಆಮೇಲೆ ತಿದ್ದಿ. ಅಗ್ಗದ ಎಲ್‌ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋಟೊದಲ್ಲಿ ಅಡ್ಡ ಪಟ್ಟಿಗಳು ಬಂದರೆ ಶಟರ್ 1/50 ಅಥವಾ 1/100ಕ್ಕೆ ಇಡಿ.

ಕ್ಯಾಮೆರಾ ಅಥವಾ ಸ್ಕ್ಯಾನರ್ ಇದ್ದವರಿಗೆ

ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 24 ಮಿ.ಮೀ. ನಮ್ಮ ಬೋರ್ಡ್ 50 ಮಿ.ಮೀ. ಅಂದರೆ ವಸ್ತುವನ್ನು ಅರ್ಧ ಅಳತೆಯಲ್ಲಿ ಹಿಡಿಯುವ ಲೆನ್ಸ್ ಸಾಕು. ದುಬಾರಿ ಮ್ಯಾಕ್ರೊ ಲೆನ್ಸಿಗೆ ಓಡಬೇಡಿ, ಹಳೆಯ 50 ಮಿ.ಮೀ. ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ. ಐಎಸ್ಒ 100, ಎಫ್/8 ಅಥವಾ ಎಫ್/11. ಎಫ್/22ಕ್ಕೆ ಹೋದರೆ ಎಲ್ಲವೂ ಫೋಕಸ್ ಆಗುತ್ತದೆ ಅಂತ ಅನಿಸುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ಸಣ್ಣ ತೂತಿನಲ್ಲಿ ಹಾಯುವಾಗ ಬೆಳಕು ಹರಡುವುದರಿಂದ) ಎಲ್ಲವೂ ಸ್ವಲ್ಪ ಮಸುಕಾಗುತ್ತದೆ. ಎತ್ತರದ ಕೆಪಾಸಿಟರ್ ಮತ್ತು ತಾಮ್ರ ಎರಡೂ ಚೊಕ್ಕವಾಗಿ ಬೇಕಿದ್ದರೆ ಫೋಕಸನ್ನು ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೊ ತೆಗೆದು, ಹ್ಯೂಗಿನ್ ಮತ್ತು ಎನ್‌ಫ್ಯೂಸ್ ಎಂಬ ಉಚಿತ ತಂತ್ರಾಂಶಗಳಲ್ಲಿ ಬೆಸೆಯಿರಿ.

ಬರಿ ಬೋರ್ಡಿಗೆ ಫ್ಲಾಟ್‌ಬೆಡ್ ಸ್ಕ್ಯಾನರ್ ಇನ್ನೂ ಉತ್ತಮ. ಬಾಗುವುದಿಲ್ಲ, ಅಳತೆ ಕರಾರುವಾಕ್ಕು. 1200 ಡಿಪಿಐನಲ್ಲಿ 50 ಮಿ.ಮೀ.ಗೆ ಸುಮಾರು 2360 ಪಿಕ್ಸೆಲ್ ಸಿಗುತ್ತದೆ. ಗಾಜಿಗೆ ಗೀರು ಬೀಳದಂತೆ ಒಎಚ್‌ಪಿ ಶೀಟ್ ಹಾಸಿ. ಭಾಗ ಜೋಡಿಸಿದ ಬೋರ್ಡಿಗೆ ಎಲ್ಲ ಸ್ಕ್ಯಾನರ್ ಆಗುವುದಿಲ್ಲ. ತೆಳ್ಳಗಿನ ಸಿಐಎಸ್ ಸ್ಕ್ಯಾನರ್‌ನಲ್ಲಿ ಗಾಜಿಗೆ ತಾಗಿದ್ದಷ್ಟೇ ಸ್ಪಷ್ಟ, ಹಳೆಯ ದಪ್ಪ ಸಿಸಿಡಿ ಸ್ಕ್ಯಾನರ್‌ನಲ್ಲಿ ಸ್ವಲ್ಪ ಎತ್ತರದಲ್ಲಿ ಇರುವುದೂ ಕಾಣುತ್ತದೆ. ಗುಜರಿ ಅಂಗಡಿಯಲ್ಲಿ ಅಂಥದ್ದು ಕಂಡರೆ ಬಿಡಬೇಡಿ.

ಮಿನುಗುವ ಬೋರ್ಡ್

ಐಸಿ ಕೂರಿಸುವ ಮೊದಲು ಬ್ಯಾಟರಿ ಜೋಡಿಸಿ, ಸಾಕೆಟಿನ 8 ಮತ್ತು 1ರ ನಡುವೆ 9 ವೋಲ್ಟ್ ಇದೆಯೇ ನೋಡಿ. ಬ್ಯಾಟರಿ ತೆಗೆದು, ಐಸಿಯ ಕಚ್ಚು 1ನೇ ಕಾಲಿನ ಕಡೆಗೆ ಬರುವಂತೆ ಕೂರಿಸಿ, ಮತ್ತೆ ಜೋಡಿಸಿ. ಮಿನುಗದಿದ್ದರೆ ಐಸಿಯನ್ನು ದೂರುವ ಮೊದಲು ಬೆಸುಗೆಯ ಫೋಟೊ ನೋಡಿ. ಚೆನ್ನಾದ ಬೆಸುಗೆ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಉಂಡೆಯಾಗಿ ಕೂತಿದ್ದರೆ ಅದು ಹಿಡಿದಿಲ್ಲ.

ಉರಿಯುವ ಎಲ್‌ಇಡಿಯ ಫೋಟೊದಲ್ಲಿ ಕೆಂಪಿನ ಬದಲು ಬಿಳಿ ಚುಕ್ಕೆ ಬರುತ್ತದೆ, ಎಕ್ಸ್‌ಪೋಷರ್ ಜಾಸ್ತಿಯಾದ ಕಾರಣ. ಎಲ್‌ಇಡಿಯ ಮೇಲೆಯೇ ಎಕ್ಸ್‌ಪೋಷರ್ ಲಾಕ್ ಮಾಡಿ, ಕೆಂಪು ಕಾಣುವವರೆಗೆ ಇಳಿಸಿ. ಆಮೇಲೆ ಬೋರ್ಡ್ ಕಾಣುವಷ್ಟು ದೀಪವನ್ನು ಹತ್ತಿರ ತನ್ನಿ. ಎರಡು ಎಲ್‌ಇಡಿಗಳೂ ಒಟ್ಟಿಗೆ ಉರಿದಂತೆ ಕಾಣಬೇಕಿದ್ದರೆ ಕೋಣೆ ಕತ್ತಲು ಮಾಡಿ, ಶಟರನ್ನು ಒಂದು ಸೆಕೆಂಡು ತೆರೆದಿಡಿ.

ಫೋಟೊಗಳಲ್ಲಿ ಒಂದರಲ್ಲಾದರೂ ಪಕ್ಕದಲ್ಲಿ ಸ್ಕೇಲ್ ಇರಲಿ. ಟೋನರ್ ಹಂತದ್ದು, ಬೆಳಕಿನ ಎದುರಿನದು, ಬೆಸುಗೆಯದು, ಪೂರ್ತಿಯಾದದ್ದು, ಈ ನಾಲ್ಕನ್ನೂ ಕಿಕ್ಯಾಡ್ ಫೈಲುಗಳಿರುವ ಫೋಲ್ಡರಿನಲ್ಲೇ ಇಡಿ. ಎರಡು ವರ್ಷ ಬಿಟ್ಟು ಬೋರ್ಡ್ ರಿಪೇರಿಗೆ ಬಂದಾಗ ಯಾವ ಗೆರೆ ಯಾವ ಭಾಗದ ಕೆಳಗೆ ಹೋಗಿದೆ ಅಂತ ಭಾಗ ಬಿಚ್ಚದೆಯೇ ನೋಡಬಹುದು.